ಭಾನುವಾರದ ನಂಬಿಕೆಯನ್ನು ಸೋಮವಾರದ ಅಂಗಡಿಗೆ ತರುವುದು ಹೇಗೆ

ಕಾರವಾರದ ಬೈತಖೋಲ ಬಂದರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಮಾವ ಶುರು ಮಾಡಿದ್ದು, ಈಗ ನಾನು ನಡೆಸುತ್ತೇನೆ. ಊರು ಬಿಟ್ಟು ಬೆಂಗಳೂರು, ದುಬೈ ಸೇರಿದ ನಮ್ಮ ಕ್ರೈಸ್ತ ಹುಡುಗ ಹುಡುಗಿಯರು ರಜೆಗೆ ಬಂದಾಗ ಅಂಗಡಿ ಕಟ್ಟೆಯ ಮೇಲೆ ಕೂತು ಒಂದು ಮಾತು ಕೇಳುತ್ತಾರೆ: "ಆಂಟಿ, ಯೇಸು ಬೇಕು ಅನ್ನಿಸ್ತದೆ, ಈ ನಿಯಮ, ಈ ಹಣೆಪಟ್ಟಿ ಬೇಡ ಅನ್ನಿಸ್ತದೆ. ಹಾಗಾದ್ರೆ ನಾವು ಮಾಡೋದೇನು?" ಒಳ್ಳೆಯ ಪ್ರಶ್ನೆ. ಏನು ನಂಬಬೇಕು ಎಂದಲ್ಲ, ಏನು ಮಾಡಬೇಕು ಎಂದು ಕೇಳುತ್ತಿದ್ದಾರೆ. ಮಾಡುವುದರ ಬಗ್ಗೆ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಕೆಲಸ: ನಿಮ್ಮ ದುಡಿಮೆಯಲ್ಲಿ ಇನ್ನೊಬ್ಬರ ಹೊಟ್ಟೆಗೆ ತಾಗುವ ಜಾಗ ಯಾವುದು ಎಂದು ಹುಡುಕಿ. ಶಿಕ್ಷಕರಿಗೆ ಅದು ಕೊನೆಯ ಬೆಂಚಿನ ಮಗು. ಕಚೇರಿಯಲ್ಲಿ ಕೂತವರಿಗೆ ಮೇಜಿನ ಮೇಲೆ ಬಿದ್ದಿರುವ ಫೈಲು. ಕಂಡಕ್ಟರಿಗೆ ಟಿಕೆಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆ. ನನಗೆ ಮೂರು ಜಾಗ ಸಿಕ್ಕವು: ತಕ್ಕಡಿ, ಸಾಲದ ಲೆಕ್ಕ ಬರೆಯುವ ಉದ್ರಿ ವಹಿ, ಹಮಾಲರ ಕೂಲಿ. ನಂಬಿಕೆಗೂ ಇದಕ್ಕೂ ಏನು ಸಂಬಂಧ ಎಂದು ಅನ್ನಿಸಿದರೆ ಬೈಬಲ್ ತೆಗೆದು ಧರ್ಮೋಪದೇಶಕಾಂಡದ 24 ಮತ್ತು 25ನೇ ಅಧ್ಯಾಯ ಓದಿ. ಅಲ್ಲಿ ದೇವರು ಮಾತಾಡುವುದು ಬೀಸುವ ಕಲ್ಲಿನ ಬಗ್ಗೆ, ಬಡವನ ಹೊದಿಕೆಯ ಬಗ್ಗೆ, ದಿನಗೂಲಿಯ ಬಗ್ಗೆ, ಚೀಲದೊಳಗಿನ ತೂಕದ ಕಲ್ಲಿನ ಬಗ್ಗೆ.

ತಕ್ಕಡಿಯದು ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಇಲಾಖೆಯ ಸೀಲು ಹಾಕಿಸಬೇಕು, ಅದು ಕಾನೂನು. ಸೀಲು ಇದ್ದ ಮಾತ್ರಕ್ಕೆ ತೂಕ ನ್ಯಾಯವಾಗುವುದಿಲ್ಲ. ಅಂಕಿ ಕಾಣುವ ಮುಖವನ್ನು ಗಿರಾಕಿಯ ಕಡೆಗೆ ತಿರುಗಿಸಿಡಿ. ಡಬ್ಬಿ ಇಟ್ಟು ಸೊನ್ನೆ ಮಾಡಿ, ಆಮೇಲೆ ಬೇಳೆ ಹಾಕಿ. ಓದಲು ಬಾರದ ಅಜ್ಜಿ ಬಂದರೆ ಅಂಕಿಯನ್ನು ಬಾಯಿಬಿಟ್ಟು ಹೇಳಿ. ಚೀಟಿ ಹಿಡಿದು ಬಂದ ಆರು ವರ್ಷದ ಮಗುವಿಗೂ ಅದರ ಅಪ್ಪನೇ ಎದುರು ನಿಂತಿದ್ದರೆ ಎಷ್ಟು ತೂಗುತ್ತಿದ್ದಿರೋ ಅಷ್ಟೇ ತೂಗಿ. ನೋಡುವವರಿಲ್ಲದಾಗ ಮಾಡುವ ತೂಕವೇ ನಮ್ಮ ವಿಶ್ವಾಸಪ್ರಮಾಣ ಎಂದು ನಾನು ತಿಳಿದಿದ್ದೇನೆ.

ಉದ್ರಿ ವಹಿ

ಇಲ್ಲಿ ನಿಧಾನವಾಗಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ನಿಷೇಧ ಬೇಕಾದದ್ದೇ. ಸಣ್ಣ ದೋಣಿಗಳಿಗೆ ವಿನಾಯಿತಿ ಇದ್ದರೂ ಆ ಗಾಳಿಮಳೆಯಲ್ಲಿ ಹೋಗಿಬರುವುದು ದಿನಾ ಆಗುವುದಿಲ್ಲ. ಬೋಟಿನ ಮೇಲೆ ದುಡಿಯುವವರ ಮನೆಗೆ ಎರಡು ತಿಂಗಳು ಹಣ ಬರುವುದಿಲ್ಲ, ಅದೇ ಹೊತ್ತಿಗೆ ಶಾಲೆ ಶುರುವಾಗಿ ಪುಸ್ತಕ, ಕೊಡೆ, ಸಮವಸ್ತ್ರ ಎಂದು ಖರ್ಚು ಮಾತ್ರ ಬರುತ್ತದೆ. "ಅಕ್ಕಾ, ಬೋಟ್ ಇಳಿದ ಮೇಲೆ ಕೊಡ್ತೆ" ಎನ್ನುವ ಮಾತು ನನ್ನ ಅಂಗಡಿಯಲ್ಲಿ ಮಳೆಯಷ್ಟೇ ಖಚಿತ. ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯಲ್ಲಿ ಕ್ಷಮೆ ಕೇಳುವಾಗ ಮತ್ತಾಯ ಬರೆದ ಸುವಾರ್ತೆ ಬಳಸುವುದು ಸಾಲದ ಮಾತನ್ನೇ. ಹಾಗಾಗಿ ದಿನಾ ಆ ಪ್ರಾರ್ಥನೆ ಹೇಳುವ ಯಾರೂ ಉದ್ರಿ ವಹಿಯನ್ನು ಬರೀ ವ್ಯಾಪಾರ ಎಂದು ಪಕ್ಕಕ್ಕಿಡಲಾರರು.

ಉದ್ರಿಗೆ ಒಂದು ದರ, ರೋಖಿಗೆ, ಅಂದರೆ ನಗದಿಗೆ, ಒಂದು ದರ ಇಡಬೇಡಿ. ಬಡ್ಡಿಯನ್ನು ಬಾಯಲ್ಲಿ ಕೇಳದೆ ಬೆಲೆಯೊಳಗೆ ಸೇರಿಸುವುದೂ ಬಡ್ಡಿಯೇ. ಬರೆದದ್ದನ್ನು ಅವರ ಎದುರಿಗೇ ಓದಿ ಹೇಳಿ, ಸಾಧ್ಯವಾದರೆ ಅವರ ಬಳಿಯೂ ಒಂದು ಸಣ್ಣ ಪುಸ್ತಕ ಇರಲಿ. ನಾಲ್ಕು ಜನ ನಿಂತಿರುವಾಗ ಬಾಕಿಯ ಮಾತು ಎತ್ತಬೇಡಿ.

ಒತ್ತೆ ಇಟ್ಟುಕೊಳ್ಳಬೇಡಿ. ಕಷ್ಟ ಹೆಚ್ಚಾದಾಗ ಜನ ಬಲೆಯನ್ನೇ ತಂದು ಇಡುತ್ತೇನೆ ಎನ್ನುತ್ತಾರೆ, ಹೆಂಗಸರು ಕಿವಿಯೋಲೆಗೆ ಕೈ ಹಾಕುತ್ತಾರೆ. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದು ಅವನ ಜೀವವನ್ನೇ ಒತ್ತೆ ಇಟ್ಟುಕೊಂಡಂತೆ ಎಂದು ಧರ್ಮೋಪದೇಶಕಾಂಡ 24:6 ಹೇಳುತ್ತದೆ. ಮೀನುಗಾರನಿಗೆ ಬಲೆಯೇ ಬೀಸುವ ಕಲ್ಲು. ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಎಂದು ಹೇಳಿ ಅಕ್ಕಿ ತೂಗಿ.

ಆಗಸ್ಟ್ ಒಂದನೇ ತಾರೀಕಿಗೆ ಜೆಟ್ಟಿಯಲ್ಲಿ ಹೋಗಿ ನಿಲ್ಲಬೇಡಿ. ಮೊದಲ ಬಲೆಯ ಹಣ ಡೀಸೆಲ್ಲಿಗೆ, ಬರ್ಫಕ್ಕೆ ಹೋಗುತ್ತದೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುತ್ತಾರೆ, ಚೌತಿ ಬರುತ್ತದೆ, ಮಕ್ಕಳಿಗೆ ಏನಾದರೂ ಆಗಬೇಕು. ಹಬ್ಬ ದಾಟಲಿ, ಆಮೇಲೆ ಕೇಳಿ. ಹಬ್ಬ ನನ್ನದಲ್ಲ ಎನ್ನುವ ಲೆಕ್ಕ ಇಲ್ಲಿ ಬರಬಾರದು.

ಇನ್ನು ಬಾರದೇ ಹೋಗುವ ಹಣ. ಇದಕ್ಕೆ ವರ್ಷದ ಆರಂಭದಲ್ಲೇ ಒಂದು ಮೊತ್ತ ಗೊತ್ತುಮಾಡಿ ಇಡಿ, ನಿಮ್ಮ ಅಂಗಡಿ ತಡೆಯುವಷ್ಟು. ಅಂಗಡಿ ಮುಳುಗಿದರೆ ಮುಂದಿನ ಜೂನ್‌ನಲ್ಲಿ ಯಾರಿಗೂ ಅಕ್ಕಿ ಸಿಗುವುದಿಲ್ಲ, ಹಾಗಾಗಿ ಈ ಮಿತಿ ಕರುಣೆಗೆ ವಿರುದ್ಧವಲ್ಲ. ಯಾರ ಬಾಕಿ ಬಿಡುತ್ತೀರೋ ಅವರ ಹೆಸರಿನ ಮೇಲೆ ಗೀರು ಹಾಕಿ. ಗೀರು ಹಾಕಿ ಸುಮ್ಮನಿರಬೇಡಿ, ಅವರಿಗೆ ಹೇಳಿ. ಇದು ಮುಖ್ಯ. ಬಾಕಿ ಇರುವವರು ನಮ್ಮ ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟು ಸುತ್ತು ದಾರಿ ಹಿಡಿಯುತ್ತಾರೆ, ಎದುರಾದರೆ ಮೊಬೈಲು ಕಿವಿಗಿಡುತ್ತಾರೆ. ನಾವು ಮನಸ್ಸಿನಲ್ಲೇ ಕ್ಷಮಿಸಿ ಕೂತರೆ ಅವರು ಸುತ್ತು ದಾರಿಯಲ್ಲೇ ನಡೆಯುತ್ತಿರುತ್ತಾರೆ. ಒಂದು ದಿನ ಒಬ್ಬರೇ ಸಿಕ್ಕಾಗ "ಹಳೇದು ಮುಗೀತು, ನಾಳೆಯಿಂದ ಬನ್ನಿ" ಎಂದು ಹೇಳಿಬಿಡಿ. ಆಮೇಲೆ ಈ ವಿಷಯ ಮನೆಯವರಿಗೂ ಗೊತ್ತಾಗಬಾರದು, ಪಾದ್ರಿಗಳಿಗೂ ಗೊತ್ತಾಗಬಾರದು. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದದ್ದು ಇಂಥದ್ದಕ್ಕೇ.

ಕುಡಿತಕ್ಕೆ ಬಿದ್ದವನು ಕೈಗಡ ಕೇಳಿದರೆ? ಹಣ ಕೊಡಬೇಡಿ. ಅವನ ಹೆಂಡತಿ ಬಂದರೆ ಅಕ್ಕಿ, ಎಣ್ಣೆ ಇಲ್ಲ ಎನ್ನಬೇಡಿ. ಇಬ್ಬರ ಲೆಕ್ಕ ಬೇರೆ ಬೇರೆ ಪುಟದಲ್ಲಿರಲಿ.

ಕೂಲಿ

ಹೊತ್ತು ಮುಳುಗುವ ಮುಂಚೆ ಕೂಲಿ ಕೊಡು, ಅವನು ಬಡವ, ಅದರ ಮೇಲೇ ಅವನ ಜೀವ ಎಂಬುದು ಧರ್ಮೋಪದೇಶಕಾಂಡದ ಮಾತು. ಹಿಡಿದಿಟ್ಟುಕೊಂಡ ಕೂಲಿ ತಾನೇ ಕೂಗುತ್ತದೆ ಎಂದು ಯಾಕೋಬ ತನ್ನ ಪತ್ರದಲ್ಲಿ ಬರೆದ (5:4). ಮೂಟೆ ಇಳಿಸಿದವರಿಗೆ "ಶನಿವಾರ ಒಟ್ಟಿಗೆ ತಗೋ" ಎನ್ನುವುದು ನಮ್ಮ ಅನುಕೂಲಕ್ಕೆ, ಅವರ ಅನುಕೂಲಕ್ಕಲ್ಲ. ಈಗ ಮೊಬೈಲಿನಲ್ಲಿ ಕ್ಷಣದಲ್ಲಿ ಹಣ ಹೋಗುತ್ತದೆ, ತಡಮಾಡಲು ಕಾರಣವೇ ಉಳಿದಿಲ್ಲ. ಬೋಟುಗಳ ಮೇಲೆ ದುಡಿಯಲು ಒಡಿಶಾ, ಜಾರ್ಖಂಡಿನಿಂದ ಬರುವ ಹುಡುಗರಿದ್ದಾರೆ. ಅವರಿಗೆ ಕನ್ನಡವೂ ಬಾರದು, ಕೊಂಕಣಿಯೂ ಬಾರದು, ಲೆಕ್ಕ ಕೇಳಲು ಹೆದರುತ್ತಾರೆ. ಅವರ ಲೆಕ್ಕವನ್ನು ಬೆರಳು ಮಡಿಸಿ ಎಣಿಸಿ ತೋರಿಸಿ. ಜ್ವರ ಬಂದಾಗ ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ಚೀಟಿ ಮಾಡಿಸಿಕೊಡಿ. ನಾನು ಪರದೇಶಿಯಾಗಿದ್ದೆ, ನೀವು ಸೇರಿಸಿಕೊಂಡಿರಿ ಎಂದು ಮತ್ತಾಯ 25ರಲ್ಲಿ ಯೇಸುಸ್ವಾಮಿ ಹೇಳಿದ ಪರದೇಶಿ ನಮ್ಮ ಬಂದರಿನಲ್ಲಿ ಐಸ್ ಬಾಕ್ಸು ಹೊರುತ್ತಿರುತ್ತಾನೆ.

ನಿಯಮಗಳನ್ನು ಏನು ಮಾಡುವುದು

ಬಿಡಬೇಡಿ. ಬಲಿಪೂಜೆ, ಜಪಮಾಲೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲ ಎಲ್ಲ ಇರಲಿ. ಪುದೀನ, ಜೀರಿಗೆಯಲ್ಲೂ ಹತ್ತನೇ ಒಂದು ಪಾಲು ಲೆಕ್ಕ ಹಾಕಿ ಕೊಡುತ್ತಿದ್ದವರಿಗೆ ಯೇಸು ಅದನ್ನು ನಿಲ್ಲಿಸಿ ಎನ್ನಲಿಲ್ಲ. ನ್ಯಾಯ, ಕರುಣೆ, ನಿಷ್ಠೆ ಬಿಟ್ಟಿದ್ದೀರಿ, ಅದನ್ನೂ ಮಾಡಿ, ಇದನ್ನೂ ಬಿಡಬೇಡಿ ಎಂದರು (ಮತ್ತಾಯ 23:23). ನಿಯಮ ಎಲ್ಲಿಗೆ ಕರೆದೊಯ್ಯಬೇಕೋ ಅಲ್ಲಿಯವರೆಗೆ ಅದರ ಹಿಂದೆ ನಡೆಯಿರಿ. ಅರ್ಧ ದಾರಿಯಲ್ಲಿ ಕೂತುಬಿಡಬೇಡಿ ಎನ್ನುವುದಷ್ಟೇ ನನ್ನ ಮಾತು.

ಉಪವಾಸವನ್ನೇ ನೋಡಿ. ಕಥೋಲಿಕರಿಗೆ ಕಡ್ಡಾಯ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ. ತಪಸ್ಸುಕಾಲದ ಉಳಿದ ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು, ಮೀನು ತಿನ್ನಬಹುದು. ಕಡಲಿನಿಂದ ದೂರ ಇರುವವರಿಗೆ ಇದು ತ್ಯಾಗವಾದೀತು. ಕಾರವಾರದಲ್ಲಿ ಕೋಳಿ ಬಿಟ್ಟು ಅದಕ್ಕಿಂತ ದುಬಾರಿ ಇಸವಾಣ ಮೀನು ತಂದು ಹುರಿದು ತಿಂದರೆ ನಿಯಮ ಮುರಿಯುವುದಿಲ್ಲ, ಆದರೆ ಯಾರ ಹಸಿವೂ ತೀರುವುದಿಲ್ಲ. ಹಸಿದವರಿಗೆ ಅನ್ನ ಹಂಚುವುದೇ ನನಗೆ ಮೆಚ್ಚಿನ ಉಪವಾಸ ಎಂದು ದೇವರು ಹೇಳುವುದನ್ನು ಯೆಶಾಯ 58ರಲ್ಲಿ ಓದಬಹುದು. ನಮ್ಮ ಮನೆಯಲ್ಲಿ ಮಾಡುವುದು ಹೀಗೆ: ಆ ಶುಕ್ರವಾರಗಳಂದು ಗಂಜಿ, ಉಪ್ಪಿನಕಾಯಿ. ಮೀನಿಗೆ ಖರ್ಚಾಗುತ್ತಿದ್ದ ಹಣ ಗಲ್ಲಾಪೆಟ್ಟಿಗೆಯ ಬಲಗಡೆಯ ಖಾನೆಗೆ. ಜೂನ್ ತಿಂಗಳ ಉದ್ರಿಗೆ ಆ ಖಾನೆಯಿಂದಲೇ ಮೊದಲ ಮೂಟೆ ಬರುತ್ತದೆ. ಮಕ್ಕಳೂ ಇದರಲ್ಲಿ ಸೇರಲಿ, ಉಪವಾಸ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವರಿಗೆ ಕಣ್ಣಿಗೆ ಕಾಣುತ್ತದೆ.

ಪ್ರಾರ್ಥನೆಯೂ ಹಾಗೆಯೇ. ಸಂಜೆ ತೇರ್ಸ (ಜಪಮಾಲೆ) ಹೇಳುವಾಗ ಲೋಕಕ್ಕೆಲ್ಲ ಶಾಂತಿ ಕೊಡು ಎಂದು ಬೇಡುವುದರ ಜೊತೆಗೆ ವಹಿಯಲ್ಲಿರುವ ಎರಡು ಹೆಸರು ತೆಗೆದುಕೊಂಡು ಬೇಡಿ. ಯಾರಿಗಾಗಿ ರಾತ್ರಿ ಬೇಡಿದ್ದೀರೋ ಅವರ ಮೇಲೆ ಬೆಳಿಗ್ಗೆ ರೇಗುವುದು ಕಷ್ಟ.

ಹಣೆಪಟ್ಟಿಯ ವಿಷಯ

2024ರ ಆಗಸ್ಟ್ 7ರ ನಸುಕಿನಲ್ಲಿ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆ ಸೇತುವೆ ಕುಸಿದು, ಮೇಲಿದ್ದ ಲಾರಿ ಹೊಳೆಗೆ ಬಿತ್ತು. ಚಾಲಕ ತಮಿಳುನಾಡಿನವನು. ಕತ್ತಲಲ್ಲಿ, ಮಳೆಗಾಲದ ಹೊಳೆಯಲ್ಲಿ ಅವನನ್ನು ಉಳಿಸಿದ್ದು ಪೊಲೀಸರು ಮತ್ತು ಇಲ್ಲಿನ ಮೀನುಗಾರರು. ಯಾವ ಊರು, ಯಾವ ದೇವರು ಎಂದು ಕೇಳುವ ಹೊತ್ತಲ್ಲ ಅದು. ನನ್ನ ನೆರೆಯವನು ಯಾರು ಎಂದು ಕೇಳಿದವನಿಗೆ ಯೇಸು ಹೇಳಿದ ಕಥೆಯಲ್ಲೂ ಗಾಯಗೊಂಡವನನ್ನು ಎತ್ತಿಕೊಂಡವನು ಯಾಜಕನಲ್ಲ, ದೇವಾಲಯದ ಸೇವೆ ಮಾಡುವ ಲೇವಿಯನಲ್ಲ, ಹೊರಗಿನವನೆಂದು ಎಲ್ಲರೂ ದೂರವಿಟ್ಟ ಸಮಾರ್ಯದವನು (ಲೂಕ 10). ಹಾಗಾಗಿ ಒಳ್ಳೆಯ ಕೆಲಸ ಎಲ್ಲಿ ನಡೆಯುತ್ತಿದೆಯೋ ಅಲ್ಲಿಗೆ ಹೋಗಿ ಕೈ ಸೇರಿಸಿ. ಅದು ದೇವಸ್ಥಾನದ ಯುವಕ ಸಂಘದ ರಕ್ತದಾನವಾಗಿರಲಿ, ಮಸೀದಿಯವರು ನೆರೆಪರಿಹಾರಕ್ಕೆ ಕಳಿಸುವ ಲಾರಿಯಾಗಿರಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ: ಅಕ್ಕಿ ಚೀಲದೊಳಗೆ ಕರಪತ್ರ ಹಾಕಬೇಡಿ. ಹಸಿದವನ ಎದುರು ನಿಂತು ನಮ್ಮ ಪ್ರಾರ್ಥನೆಗೆ ಬಾ ಎನ್ನಬೇಡಿ. ಕೇಳಿದರೆ ಯೇಸುವಿನ ಬಗ್ಗೆ ಸಂಕೋಚವಿಲ್ಲದೆ ಹೇಳಿ, ನಾನೂ ಹೇಳುತ್ತೇನೆ. ಆದರೆ ಉಪಕಾರವನ್ನು ಗಾಳವಾಗಿ ಮಾಡಿದರೆ ಉಪಕಾರವೂ ಹೋಗುತ್ತದೆ, ಯೇಸುವಿನ ಹೆಸರೂ ಕೆಡುತ್ತದೆ.

ನಮ್ಮೊಳಗಿನ ಹಣೆಪಟ್ಟಿಗಳು ಇನ್ನೂ ಗಟ್ಟಿ. ಹಳೆ ಮನೆತನ, ಹೊಸಬರು, ಕಥೋಲಿಕರು, ಪ್ರಾರ್ಥನಾ ಮಂದಿರದವರು. ಹಳಿಯಾಳ, ಯಲ್ಲಾಪುರದ ಕಾಡಂಚಿನಿಂದ ಬರುವ, ಆಫ್ರಿಕಾ ಮೂಲದ ಸಿದ್ದಿ ಕ್ರೈಸ್ತರು ಮದುವೆಯ ಪಂಕ್ತಿಯಲ್ಲಿ ಯಾವ ಕಡೆ ಕೂರುತ್ತಾರೆ ಎಂದು ಗಮನಿಸಿ. ಎದ್ದು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಊಟ ಮಾಡಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ, ನಮ್ಮ ಮನೆಯಲ್ಲಿ ಮೀನು ಮಾಂಸ ಇರುವುದಿಲ್ಲ, ಹೊಸ ತೆನೆಯ ಅಕ್ಕಿಯ ಊಟ. ಅದಕ್ಕೆ ಯಾರನ್ನೂ ಕರೆಯಬಹುದು, ಶಿರಸಿಯ ಹವ್ಯಕ ಗೆಳತಿ ಬರುತ್ತಾಳೆ, ಪಕ್ಕದ ಮನೆಯ ಖಾರ್ವಿ ಅಮ್ಮ ಬರುತ್ತಾರೆ.

ಇಷ್ಟನ್ನೂ ಒಟ್ಟಿಗೆ ಹಿಡಿಯಲು ಹೋದರೆ ಒಂದೂ ಕೈಗೆ ಸಿಗದು. ಕೂಲಿಯಿಂದ ಶುರು ಮಾಡಿ. ಮನೆಗೆಲಸದವರು, ತೆಂಗಿನಕಾಯಿ ಕೊಯ್ದವರು, ಗಟಾರ ತೆಗೆದವರು, ಯಾರಿಗಾದರೂ ಬಾಕಿ ಇದ್ದರೆ ಈ ಭಾನುವಾರ ಇಗರ್ಜಿಗೆ ಹೋಗುವ ಮುಂಚೆ ಕೊಟ್ಟುಬಿಡಿ. ಜಮೀನಿನ ಪಾಲಿನ ಜಗಳದಲ್ಲಿ ಅಣ್ಣನೊಡನೆ ಮಾತು ಬಿಟ್ಟಿದ್ದರೆ ಅದು ಎರಡನೆಯದು. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬ ಮಾತಿದೆ (ಮತ್ತಾಯ 5:24). ಫೋನು ಮಾಡಬೇಡಿ, ಮನೆಗೇ ಹೋಗಿ. ಸರ್ವೆ ನಂಬರಿನ ಮಾತನ್ನು ಅಂದು ಎತ್ತಬೇಡಿ. ಅತ್ತಿಗೆ ಚಹಾ ಕೊಟ್ಟರೆ ಕುಡಿದು ಬನ್ನಿ, ಜಮೀನಿನ ಮಾತಿಗೆ ಇನ್ನೊಂದು ದಿನ ಹೋಗಬಹುದು.