ನಮ್ಮ ಲಾಡ್ಜಿಗೆ ಕಂಪ್ಯೂಟರ್ ಬಂದದ್ದು ಹೀಗೆ

ಕಾಸರಗೋಡು ಹಳೇ ಬಸ್‌ಸ್ಟ್ಯಾಂಡ್ ಹತ್ರ ನಮ್ಮದು 14 ರೂಮಿನ ಲಾಡ್ಜ್. ಅಪ್ಪನ ಕಾಲದಿಂದ ಕೌಂಟರಲ್ಲಿ ಒಂದು ಉದ್ದ ರಿಜಿಸ್ಟರು, ಗೋಡೆಗೆ ಹಲಗೆ ಹೊಡೆದು ಅದರಲ್ಲಿ ಕೀ, ಅಷ್ಟೇ ಇದ್ದದ್ದು. ಸಾಫ್ಟ್‌ವೇರ್ ಮಾರ್ಲಿಕ್ಕೆ ಮಂಗಳೂರಿಂದ ಹುಡುಗರು ಬರ್ತಿದ್ರು, ಚಾ ಕೊಟ್ಟು ಕಳಿಸ್ತಿದ್ದೆವು. ಅವರು ಹೇಳಿದ್ರು ಅಂತ ನಾವು ಒಂದನ್ನೂ ತಗೊಂಡದ್ದಿಲ್ಲ, ತಗೊಂಡದ್ದೆಲ್ಲ ಬೇರೆ ದಾರಿ ಇಲ್ಲದೆ.

2016ರ ನವೆಂಬರ್ 8ಕ್ಕೆ ನೋಟು ರದ್ದಾಯ್ತಲ್ಲ, ಮರುದಿನ ಬೆಳಿಗ್ಗೆ ರೂಮು ಖಾಲಿ ಮಾಡುವವರ ಕೈಯಲ್ಲಿ ಬರೀ 500, 1000ದ ನೋಟು, ಅವರಿಗೂ ಸಂಕಟ ನಮಗೂ ಸಂಕಟ, ಆ ವಾರವೇ ಸ್ವೈಪ್ ಮೆಷೀನಿಗೆ ಬ್ಯಾಂಕಿಗೆ ಓಡಿದೆ. ಆಮೇಲೆ ಕ್ಯೂಆರ್ ಬಂತು. 2017ರ ಜುಲೈಗೆ ಜಿಎಸ್‌ಟಿ, ಆದ್ರೆ ನಮ್ಮ ರೂಮೆಲ್ಲ 1000ದ ಒಳಗೆ, ತೆರಿಗೆ ಇರ್ಲಿಲ್ಲ. 2022 ಜುಲೈ 18ರಿಂದ ಅದಕ್ಕೂ 12 ಪರ್ಸೆಂಟ್ ಹಾಕಿದ್ರು ನೋಡಿ, ಆಗ ಕೈಬರಹದ ಬಿಲ್ಲು ಸಾಕಾಗದೆ ಕಂಪ್ಯೂಟರ್ ಬೇಕಾಯ್ತು. ಬೇಕಲ ಕೋಟೆ, ತೆಯ್ಯಂ ನೋಡ್ಲಿಕ್ಕೆ ವಿದೇಶದವರು ಬಂದ್ರೆ 24 ಗಂಟೆ ಒಳಗೆ ಅವರ ವಿವರ ಆನ್‌ಲೈನಲ್ಲಿ ಸರಕಾರಕ್ಕೆ ಕೊಡ್ಬೇಕು, ಅದೂ ಒಂದು ಕಾರಣ.

ಇಷ್ಟಾದ್ರೂ ಫೋನಲ್ಲಿ, ಬುಕಿಂಗ್ ಸೈಟಲ್ಲಿ ಬಂದ ಬುಕಿಂಗನ್ನೆಲ್ಲ ಪುಸ್ತಕದಲ್ಲೇ ಬರೀತಿದ್ದೆವು. 2025ರಲ್ಲಿ ಮಧೂರು ದೇವಸ್ಥಾನದ ಬ್ರಹ್ಮಕಲಶೋತ್ಸವ, ಮೂಡಪ್ಪ ಸೇವೆ ಬಂತು. ಊರಿಗೆ ಊರೇ ತುಂಬಿತ್ತು. ಫೋನಲ್ಲಿ ಒಬ್ಬರಿಗೆ ಕೊಟ್ಟ ರೂಮನ್ನು ಸೈಟಲ್ಲಿ ತೆಗೀಲಿಕ್ಕೆ ನಾನು ಮರ್ತೆ, ಅದೇ ರೂಮು ಅಲ್ಲೂ ಬುಕ್ಕಾಯ್ತು. ರಾತ್ರಿ ಹತ್ತೂವರೆಗೆ ಪುತ್ತೂರಿನ ಒಂದು ಸಂಸಾರ, ಜೊತೆಗೆ ಪ್ರಾಯದ ಅಜ್ಜಿ, ಬಾಗಿಲಲ್ಲಿ ನಿಂತಿದ್ದಾರೆ. "ದುಡ್ಡು ಕಟ್ಟಿದ್ದೇವಲ್ಲ, ನಾವೀಗ ಎಂತ ಮಾಡೋದು?" ಅಂತ ಆ ಯಜಮಾನ್ರು ಮೆಲ್ಲಗೆ ಕೇಳಿದ್ರು, ಬೈದಿದ್ರೆ ತಡ್ಕೊಳ್ತಿದ್ದೆ. ನಮ್ಮ ಮನೆಗೇ ಕರ್ಕೊಂಡು ಹೋಗಿ ಮಲಗಿಸಿದೆ. ಮುಂದಿನ ತಿಂಗಳೇ ಎಲ್ಲ ಬುಕಿಂಗನ್ನು ಒಂದೇ ಕಡೆ ತೋರಿಸುವ ಆಪ್ ಹಾಕಿಸಿದೆ.

ಆರಿಸುವಾಗ ರೇಟಿಗಿಂತ ಜಾಸ್ತಿ ನೋಡಿದ್ದು ಎರಡು. ಮಳೆಗಾಲದಲ್ಲಿ ಕರೆಂಟ್ ಹೋದ್ರೂ ಮೊಬೈಲಲ್ಲಿ ನಡೀಬೇಕು. ಮತ್ತೆ ನಮ್ಮ ರೂಂಬಾಯ್ ಅಸ್ಸಾಮಿನವ, ಕನ್ನಡ ಮಲಯಾಳ ಎರಡೂ ಓದ್ಲಿಕ್ಕೆ ಬರೂದಿಲ್ಲ, ಅವನಿಗೆ ಅರ್ಥ ಆಗ್ಬೇಕು. ಕೆಂಪು ಅಂದ್ರೆ ಗುಡಿಸ್ಲಿಕ್ಕೆ ಬಾಕಿ, ಹಸಿರು ಅಂದ್ರೆ ರೆಡಿ, ಇಷ್ಟು ಬಣ್ಣ ಇದ್ದದ್ದಕ್ಕೇ ಅದನ್ನು ತಗೊಂಡೆ, ನನಗಿಂತ ಬೇಗ ಅವ ಕಲಿತ. ಅವನಿಗೆ ಹಿಡಿಸದೇ ಇದ್ದಿದ್ರೆ ಎಷ್ಟು ದುಡ್ಡು ಹಾಕಿದ್ರೂ ನಾವು ಪುನಃ ಪುಸ್ತಕಕ್ಕೇ ಬರ್ತಿದ್ದೆವು, ಅದು ನನಗೆ ಖಾತ್ರಿ ಉಂಟು.

ಕೀ ಬದಲು ಕಾರ್ಡಲ್ಲಿ ಬಾಗಿಲು ತೆಗೆಯುವ ಲಾಕ್ ಮಾತ್ರ ಹಾಕಿಸ್ಲಿಲ್ಲ. ಈ ಉಪ್ಪುಗಾಳಿಗೆ ಗೇಟೇ ತುಕ್ಕು ಹಿಡೀತದೆ, ಮತ್ತೆ ನಮ್ಮಲ್ಲಿ ಬರುವವರು ಯಾರೂ ಅದನ್ನು ಕೇಳಿಯೂ ಇಲ್ಲ. ಆ ದುಡ್ಡಲ್ಲಿ ಸೋಲಾರ್ ಬಿಸಿನೀರು ಮಾಡಿಸಿದೆ, ಅದನ್ನು ದಿನಾ ಕೇಳ್ತಿದ್ರು.