ಸಿಲುಕಿಕೊಂಡಾಗ ಮನಸ್ಸನ್ನು ಕಾಪಾಡಿಕೊಳ್ಳುವುದು ಹೇಗೆ?

ಕುಸಿದ ಕಟ್ಟಡದಡಿ, ಮಣ್ಣು ಜರಿದ ಸುರಂಗದಲ್ಲಿ, ನೀರು ನುಗ್ಗಿದ ಗುಹೆಯಲ್ಲಿ ಸಿಕ್ಕಿಕೊಂಡವರು ಸುಮ್ಮನೆ ಕಾಯಬಾರದು. ಕಾಯುವುದನ್ನೇ ಒಂದು ಕೆಲಸ ಮಾಡಿಕೊಳ್ಳಬೇಕು. ಆ ಕೆಲಸ ಹೀಗೆ ಶುರುವಾಗಲಿ.

ಮೊದಲು ಉಸಿರು. ಭಯ ಹತ್ತಿದೊಡನೆ ಉಸಿರು ಮೇಲ್ಮೇಲೆ ಓಡುತ್ತದೆ. ತಲೆ ಸುತ್ತುತ್ತದೆ, ಬೆರಳುಗಳು ಜುಮುಗುಡುತ್ತವೆ, ಗಾಳಿಯೇ ಮುಗಿಯಿತೇನೋ ಅನಿಸುತ್ತದೆ. ಎಷ್ಟೋ ಸಲ ಮುಗಿದಿರುವುದು ಗಾಳಿಯಲ್ಲ, ಧೈರ್ಯ. ದೂಳಿದ್ದರೆ ಮೂಗು, ಬಾಯಿಗೆ ಬಟ್ಟೆ ಕಟ್ಟಿ. ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಹೊರಬಿಡಿ. ಆಮೇಲೆ ಮೈ ತಡವಿ ಗಾಯ ನೋಡಿಕೊಳ್ಳಿ. ಕತ್ತಲೆಂದು ಬೆಂಕಿಕಡ್ಡಿ ಗೀರಲೇಬೇಡಿ, ಅನಿಲ ಸೋರುತ್ತಿರಬಹುದು.

ಸದ್ದು ಮಾಡಿ, ಆದರೆ ಕೂಗಿ ಕೂಗಿ ದಣಿಯಬೇಡಿ. ಪೈಪಿಗೋ ಗೋಡೆಗೋ ಮೂರು ಸಲ ಬಡಿದು, ನಿಲ್ಲಿಸಿ ಕೇಳಿಸಿಕೊಳ್ಳಿ. ಹೊರಗೆ ಯಂತ್ರಗಳ ಸದ್ದು ತಟ್ಟನೆ ನಿಂತರೆ ‘ಬಿಟ್ಟು ಹೋದರು’ ಎಂದು ಎದೆ ಒಡೆದುಕೊಳ್ಳಬೇಡಿ. ಒಳಗಿನ ಸದ್ದು ಕೇಳಲೆಂದೇ ರಕ್ಷಣಾ ತಂಡದವರು ಯಂತ್ರ ನಿಲ್ಲಿಸುವುದುಂಟು. ಬಡಿಯಬೇಕಾದ ಹೊತ್ತು ಅದೇ.

ಇನ್ನು ಹೊತ್ತಿನ ಲೆಕ್ಕ. ಕತ್ತಲಲ್ಲಿ ಕಾಲದ ಅಂದಾಜು ವಿಪರೀತ ತಪ್ಪುತ್ತದೆ. ಫ್ರಾನ್ಸಿನ ಮಿಷೆಲ್ ಸಿಫ್ರ್ 1962ರಲ್ಲಿ ಪ್ರಯೋಗಕ್ಕಾಗಿ ಗಡಿಯಾರವಿಲ್ಲದೆ ಎರಡು ತಿಂಗಳು ಗುಹೆಯಲ್ಲಿದ್ದರು. ಪ್ರಯೋಗ ಮುಗಿದದ್ದು ಸೆಪ್ಟೆಂಬರ್ 14ಕ್ಕೆ. ಅವರ ಲೆಕ್ಕದಲ್ಲಿ ಅಂದು ಆಗಸ್ಟ್ 20! ಗಡಿಯಾರವಿದ್ದರೆ ಅದನ್ನೇ ನಂಬಿ. ನಿದ್ದೆ, ನಡಿಗೆ, ನೀರು ಕುಡಿಯುವುದು, ಬಡಿಯುವುದು, ಎಲ್ಲಕ್ಕೂ ಹೊತ್ತು ಗೊತ್ತುಮಾಡಿ. ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 2023ರ ನವೆಂಬರ್‌ನಲ್ಲಿ 17 ದಿನ ಸಿಕ್ಕಿಕೊಂಡಿದ್ದ 41 ಕಾರ್ಮಿಕರು ಒಳಗಿದ್ದ ಜಾಗದಲ್ಲೇ ನಡೆದಾಡಿದರು, ಯೋಗ ಮಾಡಿದರು.

ಜೊತೆಗೆ ಜನರಿದ್ದರೆ ಪ್ರತಿಯೊಬ್ಬರಿಗೂ ಒಂದು ಹೊಣೆ ಬೇಕು. ಇದನ್ನು ಒತ್ತಿ ಹೇಳಬೇಕು. ಚಿಲಿಯ ಸ್ಯಾನ್ ಹೋಸೆ ಗಣಿಯಲ್ಲಿ 2010ರ ಆಗಸ್ಟ್ 5ರಂದು 33 ಮಂದಿ ಸುಮಾರು 700 ಮೀಟರ್ ಆಳದಲ್ಲಿ ಸಿಲುಕಿದರು. ಪಾಳಿಯ ಮುಖ್ಯಸ್ಥ ಲೂಯಿಸ್ ಉರ್ಸುವಾ ಮೊದಲು ಬಿಗಿಗೊಳಿಸಿದ್ದು ಊಟದ ಲೆಕ್ಕವನ್ನು: ಎರಡು ದಿನಕ್ಕೊಮ್ಮೆ ಒಬ್ಬರಿಗೆ ಎರಡು ಚಮಚ ಟ್ಯೂನಾ ಮೀನು, ಒಂದಿಷ್ಟು ಹಾಲು. ಎಲ್ಲರ ಕಣ್ಣೆದುರು ಸಮನಾಗಿ ಹಂಚಿದರೆ ಹೊಟ್ಟೆ ತುಂಬದಿದ್ದರೂ ಅನುಮಾನ ಹುಟ್ಟುವುದಿಲ್ಲ. ಇಕ್ಕಟ್ಟಿನಲ್ಲಿ ಹಸಿವಿಗಿಂತ ಬೇಗ ಗುಂಪನ್ನು ಒಡೆಯುವುದು ಆ ಅನುಮಾನವೇ.

ಮಾತು ನಿಲ್ಲಿಸಿ ಗೋಡೆಯತ್ತ ತಿರುಗಿ ಮಲಗಿದವರನ್ನು ‘ಪಾಪ, ಇರಲಿ’ ಎಂದು ಬಿಡಬೇಡಿ. ಎಲ್ಲದರಿಂದ ಹಿಂದೆ ಸರಿಯುವುದು, ಆಮೇಲೆ ಯಾವುದೂ ಬೇಡವೆನಿಸುವುದು, ಕೊನೆಗೆ ಕೈಕಾಲು ಆಡಿಸುವ ಇಚ್ಛೆಯೂ ಅಡಗುವುದು, ಹೀಗೆ ಮನಸ್ಸು ಹಂತಹಂತವಾಗಿ ಕೈಚೆಲ್ಲುತ್ತದೆ ಎನ್ನುತ್ತಾರೆ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜಾನ್ ಲೀಚ್. ಅಂಥವರನ್ನು ಹೆಸರು ಹಿಡಿದು ಕರೆದು, ಒಂದು ಸಣ್ಣ ಕೆಲಸ ಕೊಡಿ. ಒಬ್ಬರೇ ಇದ್ದರೆ ಗಟ್ಟಿಯಾಗಿ ನಿಮ್ಮೊಡನೆ ನೀವೇ ಮಾತಾಡಿಕೊಳ್ಳಿ, ಮುಂದಿನ ಒಂದು ಗಂಟೆಯ ಕೆಲಸವನ್ನಷ್ಟೇ ಎಣಿಸಿ.

‘ನಾಳೆ ಬರುತ್ತಾರೆ’ ಎಂದು ದಿನ ನಿಗದಿ ಮಾಡಬೇಡಿ. ಸಿಲ್ಕ್ಯಾರಾದಲ್ಲಿ ಇನ್ನೇನು ದಾರಿಯಾಯಿತು ಎನ್ನುವಾಗ ಕೊರೆಯುವ ಯಂತ್ರ ಮುರಿದು, ಉಳಿದದ್ದನ್ನು ಕೈಯಿಂದಲೇ ಅಗೆಯಬೇಕಾಯಿತು. ಬರುತ್ತಾರೆ ಎಂಬ ನಂಬಿಕೆ ಇರಲಿ, ತಾರೀಖು ಬೇಡ.

ದನಿ ಕೇಳಿಸಿದ ಮೇಲೂ ಶಿಸ್ತು ಸಡಿಲಿಸುವಂತಿಲ್ಲ. ಚಿಲಿಯ ಗಣಿಯವರು ಬದುಕಿದ್ದಾರೆಂದು ಗೊತ್ತಾದದ್ದು 17ನೇ ದಿನ, ಹೊರಬಂದದ್ದು 69 ದಿನಗಳ ಮೇಲೆ. ಸಂಪರ್ಕ ಸಿಕ್ಕ ಕೂಡಲೇ ಮೂರು ಸಂಗತಿ ತಿಳಿಸಿ: ಒಳಗೆ ಎಷ್ಟು ಮಂದಿ, ಯಾರಿಗೆ ಗಾಯ, ಯಾರದಾದರೂ ಕೈಕಾಲು ಭಾರದಡಿ ಸಿಕ್ಕಿದ್ದರೆ ಎಷ್ಟು ಹೊತ್ತಿನಿಂದ. ಈ ಕೊನೆಯದು ವೈದ್ಯರಿಗೆ ಬಹಳ ಮುಖ್ಯ. ಭಾರ ಎತ್ತುವ ಮೊದಲೇ ಚಿಕಿತ್ಸೆ ಶುರುಮಾಡಬೇಕಾಗಬಹುದು.