ಹಳೇ ಕಾಂಪ್ಯಾಕ್ಟ್ ಕ್ಯಾಮೆರಾ ಕೊಳ್ಳುತ್ತೀರಾ? ಬಿಸಿಲಿಗೆ ತಂದು ನೋಡಿ

ಲಾಲ್‌ಬಾಗ್‌ನಲ್ಲೋ ಹೆಸರಘಟ್ಟದ ಹುಲ್ಲುಗಾವಲಿನಲ್ಲೋ ಬೆಳಗಿನ ಹೊತ್ತು ಫೋಟೊ ತೆಗೆಯಲು ದುಬಾರಿ ಕ್ಯಾಮೆರಾ ಬೇಕಿಲ್ಲ. 2008ರಿಂದ 2011ರ ನಡುವೆ ಬಂದ ಒಳ್ಳೆಯ ಕಾಂಪ್ಯಾಕ್ಟ್ ಧಾರಾಳವಾಗಿ ಸಾಕು. ಸಂಜೆಗತ್ತಲಲ್ಲಿ ಅವು ಸೋಲುತ್ತವೆ, ಹಗಲಲ್ಲಿ ಅಲ್ಲ. ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, 8 ಇದ್ದರೆ ಎ4 ಅಳತೆಗೆ ಚೆನ್ನಾಗಿಯೇ ಪ್ರಿಂಟ್ ಬರುತ್ತದೆ.

ಮೊದಲು ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಇದೆಯಾ ನೋಡಿ. ಆ ಕಾಲದ ಸ್ಕ್ರೀನ್‌ಗಳು ನಡು ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣಿಸುವುದಿಲ್ಲ. ಕ್ಯಾನನ್ ಎ590 ಐಎಸ್, ಜಿ11 ಎರಡರಲ್ಲೂ ಈ ಕಿಂಡಿ ಇದೆ. ಎಸ್95ರಲ್ಲಿ ಅದಿಲ್ಲ, ಆದರೆ ಜೇಬಿಗೆ ಹಿಡಿಸುತ್ತದೆ, ರಾ ಫೈಲ್ (ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಲು ಅನುಕೂಲವಾಗುವ ಕಚ್ಚಾ ಫೋಟೊ) ಕೊಡುತ್ತದೆ. ದುಡ್ಡು ಕಮ್ಮಿ ಇದ್ದರೆ ನಾನು ಹೇಳುವುದು ಎ590. ಇದು ಎರಡು ಎಎ ಸೆಲ್ಲಿನಲ್ಲಿ ನಡೆಯುತ್ತದೆ, ಹಳೇ ಮಾಡೆಲ್ಲಿನ ಬ್ಯಾಟರಿ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುವ ಕಷ್ಟ ಇಲ್ಲ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಮಾತ್ರ ಹಾಕಬೇಡಿ, ಬೇಗ ಸತ್ತುಹೋಗುತ್ತದೆ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತಗೊಳ್ಳಿ.

ಎಸ್‌ಪಿ ರೋಡ್, ನ್ಯಾಷನಲ್ ಮಾರ್ಕೆಟ್ ಕಡೆ ವಿಚಾರಿಸಿ, ಓಎಲ್‌ಎಕ್ಸ್ ನೋಡುತ್ತಿರಿ. ರೀಲ್ಸ್ ನೋಡಿ ಹಳೇ ಡಿಜಿಕ್ಯಾಮ್ ಕೇಳುವವರು ಜಾಸ್ತಿ ಆಗಿದ್ದಾರೆ, ಹಾಗಾಗಿ ಹೇಳಿದ ರೇಟಿಗೆ ಸುಮ್ನೆ ಒಪ್ಪಬೇಡಿ.

ನೋಡಲು ಹೋಗುವಾಗ ಚಾರ್ಜ್ ಆದ ಸೆಲ್ಲು, ನಿಮ್ಮದೇ ಮೆಮೊರಿ ಕಾರ್ಡ್ ಜೊತೆಗಿರಲಿ. ಕಾರ್ಡ್ ವಿಷಯ ಮುಖ್ಯ, ಯಾಕೆಂದರೆ 2006ಕ್ಕಿಂತ ಹಳೆಯ ಎಷ್ಟೋ ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್ ಒಪ್ಪುವುದಿಲ್ಲ, ಹಳೇ ಒಲಿಂಪಸ್, ಫ್ಯೂಜಿಗಳಲ್ಲಿ ಬಹಳಷ್ಟಕ್ಕೆ ಎಕ್ಸ್‌ಡಿ ಅನ್ನುವ ಬೇರೆಯೇ ಕಾರ್ಡ್ ಬೇಕು, ಅದನ್ನು ಈಗ ಯಾರೂ ತಯಾರಿಸುತ್ತಿಲ್ಲ.

ಈಗ ಕ್ಯಾಮೆರಾ ಹಿಡಿದು ಅಂಗಡಿಯಿಂದ ಹೊರಗೆ ಬನ್ನಿ. ಆನ್ ಮಾಡಿ, ಆಫ್ ಮಾಡಿ, ನಾಲ್ಕೈದು ಸಲ. ಲೆನ್ಸ್ ಹೊರಬರುವಾಗ ಕರಕರ ಸದ್ದು ಬಂದರೆ, ಅರ್ಧಕ್ಕೆ ನಿಂತರೆ, ಕೆಳಗಿಟ್ಟು ಬಂದುಬಿಡಿ. ರಿಪೇರಿಗೆ ಕ್ಯಾಮೆರಾದ ಬೆಲೆಯೇ ಆಗಿಬಿಡುತ್ತದೆ. ಆಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಲೆನ್ಸಿಗೆ ಬಿಡಿ. ಒಳಗೆ ಜೇಡರ ಬಲೆಯ ಹಾಗೆ ತೆಳ್ಳಗೆ ಬಿಳಿ ಗೆರೆ ಕವಲೊಡೆದಿದ್ದರೆ ಅದು ಫಂಗಸ್. ವರ್ಷಗಟ್ಟಲೆ ಬೀರುವಿನಲ್ಲಿ ಮಳೆಗಾಲ ಕಳೆದ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ.

ಕೊನೆಗೆ ಆಕಾಶದ ಪರೀಕ್ಷೆ. ಇದನ್ನು ಬಿಡಲೇಬೇಡಿ. ಎವಿ ಮೋಡ್‌ನಲ್ಲಿ (ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕೆಂದು ನಾವೇ ಇಡುವ ಮೋಡ್) ಎಫ್8, ಅಂದರೆ ಕಿರಿದಾದ ಕಿಂಡಿ, ಇಟ್ಟು, ಜೂಮ್ ಪೂರ್ತಿ ಹಿಂದೆ ತಂದು ಒಂದು, ಪೂರ್ತಿ ಮುಂದಕ್ಕೆ ಒಯ್ದು ಒಂದು, ಬರೀ ಆಕಾಶದ ಫೋಟೊ ತೆಗೆಯಿರಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಎರಡರಲ್ಲೂ ಒಂದೇ ಜಾಗದಲ್ಲಿ ಮಸುಕು ಬೂದು ಚುಕ್ಕೆ ಕಂಡರೆ ಸೆನ್ಸರ್ (ಲೆನ್ಸಿನ ಹಿಂದೆ ಬೆಳಕು ಹಿಡಿದು ಫೋಟೊ ಮಾಡುವ ಚಿಪ್) ಮೇಲೆ ಧೂಳು ಕೂತಿದೆ ಅಂತ. ಕಾಂಪ್ಯಾಕ್ಟಿನ ಲೆನ್ಸ್ ಬಿಚ್ಚಲು ಬರುವುದಿಲ್ಲ, ಹಾಗಾಗಿ ನಾವೇ ಒರೆಸಲು ಆಗುವುದಿಲ್ಲ. ಆ ಚುಕ್ಕೆ ನೀವು ತೆಗೆಯುವ ಪ್ರತಿ ಮೋಡದ ಫೋಟೊದಲ್ಲೂ ಇರುತ್ತದೆ. ಒಂದೇ ಚುಕ್ಕೆ, ಅದೂ ಅಂಚಿನಲ್ಲಿದ್ದರೆ ಬೆಲೆ ಇಳಿಸಿ ಕೇಳಿ. ನಡುವಿನಲ್ಲಿದ್ದರೆ ಬೇಡ.